ಕೇಳುವವರನ್ನು ಎಣಿಸಿದ ರೈಟರ್

ಅವರ ಬಲಗೈ ಹೆಬ್ಬೆರಳು ಸುಮ್ಮನಿರುತ್ತಿರಲಿಲ್ಲ. ಬೆರಳ ಗೆರೆಗಳ ಮೇಲೆ ಹತ್ತುತ್ತಾ ಇಳಿಯುತ್ತಾ ಎದುರಿಗಿದ್ದವರನ್ನು ಎಣಿಸುತ್ತಲೇ ಇರುತ್ತಿತ್ತು. ಚೆಟ್ಟಳ್ಳಿ ಕಡೆಯ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಅವರು, ನನ್ನ ಅಪ್ಪನಿಗಿಂತ ಹಿರಿಯರು.

ಎರಡನೇ ಮಹಾಯುದ್ಧದ ಕಾಲ. ಸರ್ಕಾರ ಎಸ್ಟೇಟಿನ ಸ್ಟೋರ್ ಜಗಲಿಗೆ ಒಂದು ಬ್ಯಾಟರಿ ರೇಡಿಯೋ ಕೊಟ್ಟಿತು, ಜೊತೆಗೊಂದು ಫಾರಂ. ದಿನವೂ ಎಷ್ಟು ಜನ ಕೇಳಿದರು, ಯಾವ ಸುದ್ದಿಗೆ ಎದ್ದುಹೋದರು, ಯಾವುದಕ್ಕೆ ನಕ್ಕರು, ಎಲ್ಲ ಇಂಗ್ಲಿಷಿನಲ್ಲಿ ಬರೆದು ಕಳಿಸಬೇಕು. ಹತ್ತು ಜನವೂ ಸೇರದ ವಾರ ಬಂದರೆ ಸೆಟ್ ಬೇರೆ ಊರಿಗೆ ಹೋಗುತ್ತದೆ.

ನನ್ನನ್ನು ಆಗಷ್ಟೇ ಕಾನ್ವೆಂಟ್ ಬಿಡಿಸಿ ಮನೆಯಲ್ಲಿ ಕೂರಿಸಿದ್ದರು. ಗಂಡು ಗೊತ್ತಾಗುವ ತನಕ ಗೇಟು ದಾಟುವಂತಿಲ್ಲ. ಕಲಿತ ಇಂಗ್ಲಿಷನ್ನು ಕೋಳಿಗಳ ಜೊತೆ ಮಾತಾಡುತ್ತಿದ್ದೆ. ಒಂದು ದಿನ ರೈಟರ್ ಬಂದು ಅಪ್ಪನಿಗೆ ಹೇಳಿದರು: "ನನ್ನ ಇಂಗ್ಲಿಷು ಆಳುಗಳ ಹೆಸರು ಬರೆಯೋಕೆ ಸಾಕು ಗೌಡ್ರೇ, ಸರ್ಕಾರಕ್ಕೆ ಸಾಲದು. ಸಂಜೆ ಒಂದು ಗಂಟೆ ಮಗಳನ್ನ ಕಳಿಸಿ."

ಸರ್ಕಾರ ಎಂದ ಮೇಲೆ ಅಪ್ಪ ಒಪ್ಪಿದರು. ಆ ಒಂದು ಗಂಟೆಯೇ ನನ್ನ ಫ್ರೀಡಂ.

ಮಳೆ ಹಿಡಿಯಿತು. ಲೈನಿನ ಸಾಲುಮನೆಗಳ ಆಳುಗಳು ಒಲೆ ಬಿಟ್ಟು ಏಳಲಿಲ್ಲ. ಒಂದು ವಾರ ಬಂದವರು ಮೂರೇ ಜನ.

"ಹತ್ತು ಅಂತ ಬರೀಲಾ? ಪ್ಲೀಸ್," ಎಂದೆ.

ಅವರು ನನ್ನ ಮುಖ ನೋಡಿ ಪೆನ್ನು ಕೊಟ್ಟರು. "ಬರಿ ಕೂಸೇ, ಸೈನ್ ನಾನು ಹಾಕ್ತೀನಿ. ಬಾರದ ಆಳನ್ನ ಬಂದ ಅಂತ ಈವರೆಗೆ ಬರೆದವನಲ್ಲ. ಇವತ್ತು ಬರೆದ್ರೆ ತಪ್ಪು ನಂದೇ, ನಿಂದಲ್ಲ."

ಅವರ ಹೆಸರಿನ ಮೇಲೆ ಸುಳ್ಳು ಬರೆಯಲು ಕೈ ಬರಲಿಲ್ಲ. ಮೂರು ಎಂದೇ ಬರೆದೆ. ಸೆಟ್ ಹೋಯಿತು, ನಾನು ಮತ್ತೆ ಗೇಟಿನೊಳಗೇ ಉಳಿದೆ.

ಮರುವಾರದಿಂದ ಅವರು ಸಂಜೆ ಪೇಪರ್ ಹಿಡಿದು ನಮ್ಮ ಜಗಲಿಗೆ ಬರತೊಡಗಿದರು. ಅಪ್ಪನೆದುರು ಕೂತು ಕೂಗಿ ಕೂಗಿ ಓದುವರು.

"ನಂಗೇನು ಕಿವಿ ಮಂದವಾ ರೈಟರೇ? ಓದೋಕೂ ಬರ್ತದೆ," ಎಂದು ಅಪ್ಪ ಹಂಗಿಸಿದರು.

"ಮಳೆ ಜೋರು ಗೌಡ್ರೇ."

ಅಡುಗೆಮನೆಯಲ್ಲಿ ನಾನು ಸೌಟು ಕೆಳಗಿಟ್ಟು ಕೇಳುತ್ತಿದ್ದೆ. ಮಳೆ ನಿಂತ ಮೇಲೂ ಅವರ ದನಿ ಇಳಿಯಲಿಲ್ಲ. ಎರಡು ವರ್ಷ, ಇಡೀ ಲೋಕ ನನಗೆ ಆ ಗೋಡೆಯಾಚೆಯಿಂದಲೇ ಬಂತು.

ಮದುವೆಯಾಗಿ ಅಮ್ಮತ್ತಿ ಕಡೆ ಬಂದೆ. ಇಲ್ಲಿಯ ಗೇಟು ಇನ್ನೂ ಎತ್ತರ. ರೈಟರ್ ತೀರಿಹೋದ ಸುದ್ದಿ ಅಪ್ಪನ ಕಾಗದದಲ್ಲಿ ಬಂದಾಗ ಅವರು ಹೋಗಿ ತಿಂಗಳಾಗಿತ್ತು. ಹೋಗಿಬರುತ್ತೇನೆ ಎಂದರೆ ಯಾರೂ ಬಿಡಲಿಲ್ಲ. ಕಾಗದದ ಕೊನೆಗೆ ಅಪ್ಪ ಬರೆದಿದ್ದರು: "ನಿನ್ನ ಮದುವೆಯಾದ ಮೇಲೆ ಅವರು ಪೇಪರ್ ಓದಲು ಒಂದು ದಿನವೂ ಬರಲಿಲ್ಲ, ಯಾಕೋ."