ಮಿಲ್ಲಿಗೆ ತಾಗಿಸಿಟ್ಟ ಕಾಲು

ಮೊನ್ನೆ ಫರಂಗಿಪೇಟೆಯಲ್ಲಿ ಬಿಸಿ ಕೊತ್ತಂಬರಿ ಹುಡಿಯ ವಾಸನೆ ನನ್ನನ್ನು ತಡೆದು ನಿಲ್ಲಿಸಿತು. ರಸ್ತೆ ಬದಿಯಲ್ಲೊಂದು ಹುಡಿ ಮಾಡುವ ಮಿಲ್ಲು. ಒಳಗೆ ಚೀಲ ಸುರಿಯುತ್ತಿದ್ದವರು ಸಿದ್ಧಕಟ್ಟೆಯ ನಮ್ಮ ಮಿಲ್ಲಿನಣ್ಣನ ಹೆಂಡತಿ.

ಮಿಲ್ಲಿನಣ್ಣ ಹಠದಿಂದ ಕಾಲು ಕಳೆದುಕೊಂಡರು ಎಂದು ಊರು ಹೇಳುತ್ತದೆ. ಡಾಕ್ಟರು ಬೇಡವೆಂದರೂ ಪ್ಲಾಸ್ಟರ್ ಹಾಕಿದ ಕಾಲಿನಲ್ಲೇ ಮಿಲ್ಲಿಗೆ ಹೋದರು, ಅನುಭವಿಸಿದರು... ಕೇಳಲು ಸರಿಯಾಗಿಯೇ ಇದೆ. ಆದರೆ ಹಠಮಾರಿಯೊಬ್ಬ ದಿನಾ ಗಡಿಯಾರ ನೋಡಿಕೊಂಡು, ಒಂದು ಗಂಟೆ ಹೊತ್ತು, ಮುರಿದ ಕಾಲನ್ನು ಯಂತ್ರದ ಕಬ್ಬಿಣದ ಚೌಕಟ್ಟಿಗೆ ತಾಗಿಸಿ ಅಲುಗಾಡದೆ ಕೂರುತ್ತಾನೆಯೇ? ಅದು ಹಠವಲ್ಲ, ಪಥ್ಯ.

ಆಗ ನಾನು ಮೂಡುಬಿದಿರೆಯ ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಪರವೋ ವಿರೋಧವೋ, ಚೀಟಿ ಎತ್ತಿ ತೀರ್ಮಾನ. ಆ ಸಲದ ವಿಷಯ, ‘ಕಂಪನ ಎಲುಬಿಗೆ ಹಿತ’. ನನ್ನ ಚೀಟಿಯಲ್ಲಿ ‘ಪರ’ ಎಂದಿತ್ತು. ‘ವಿರೋಧ’ ಎಂದಿದ್ದರೂ ಅಷ್ಟೇ ಆವೇಶದಿಂದ ಮಾತಾಡುತ್ತಿದ್ದೆ.

ಶನಿವಾರ ಅಕ್ಕಿ ಹುಡಿ ಮಾಡಿಸಲು ಹೋದಾಗಲೆಲ್ಲ ಮಿಲ್ಲಿನಣ್ಣನ ಎದುರು ನನ್ನ ಅಭ್ಯಾಸ. ಯಂತ್ರದ ಆ ಸದ್ದಿನ ಮೇಲೆ ಕೇಳಿಸಿದರೆ ಯಾವ ಸಭೆಯಲ್ಲೂ ಕೇಳಿಸೀತು ಎಂಬ ಲೆಕ್ಕ. ಸ್ಪರ್ಧೆಯ ನಾಲ್ಕು ನಿಮಿಷ ಮುಗಿದರೆ ಗಂಟೆಯ ಬದಲು ಅವರು ಡಬ್ಬಕ್ಕೆ ಅಳತೆಯ ಸೇರಿನಿಂದ ಬಡಿಯುತ್ತಿದ್ದರು. ಆ ಸಲ ಅವರು ಕುರ್ಚಿಯಲ್ಲಿದ್ದರು. ಬಂಟ್ವಾಳದ ತಿರುವಿನಲ್ಲಿ ಸ್ಕೂಟರಿನಿಂದ ಬಿದ್ದು ಮೊಣಕಾಲ ಕೆಳಗಿನ ಎಲುಬು ಮುರಿದಿತ್ತು. ಯಂತ್ರ ನೋಡಿಕೊಳ್ಳುತ್ತಿದ್ದವರು ಹೆಂಡತಿ.

“ಎಲುಬು ನಿರ್ಜೀವ ಕಡ್ಡಿಯಲ್ಲ. ಒಳಗೆ ಹುದುಗಿದ ಕೋಶಗಳು ಸಣ್ಣ ನಡುಕವನ್ನೂ ಗ್ರಹಿಸಿ, ಎಲುಬು ಕಟ್ಟುವ ಕೋಶಗಳನ್ನು ಎಚ್ಚರಿಸುತ್ತವೆ” ಎಂದೆ.

“ಹೌದಾ? ಮತ್ತೆ ಡಾಕ್ಟ್ರು ಎಂಥಕ್ಕೆ ಅಲ್ಲಾಡಿಸ್ಬೇಡಿ ಹೇಳಿದ್ದು?”

“ಪ್ರಶ್ನೆ ಕೊನೆಗೆ, ಅಣ್ಣ.”

“ಆಯ್ತು ಲಾಯರಮ್ಮ. ನಿಮ್ಮ ಕೋರ್ಟಲ್ಲಿ ಕಾಲು ಮುರಿದವನಿಗೆ ಬಾಯಿಯೂ ಇಲ್ಲ!”

ಸೇರು ಬಡಿದರು. ನನ್ನ ಬಸ್ಸು ಬಂತು. ಪ್ರಶ್ನೆ ಅಲ್ಲೇ ಉಳಿಯಿತು.

ಉತ್ತರ ನನ್ನಲ್ಲಿ ಇರಲಿಲ್ಲವೆಂದಲ್ಲ. ಅಳೆದು ಕೊಟ್ಟ ಮೆದು ಕಂಪನ ಬೇರೆ, ಮಿಲ್ಲಿನ ಕುಲುಕಾಟ ಬೇರೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶ ಮನುಷ್ಯನ ಕಾಲಲ್ಲ. ಮುರಿದ ತುದಿಗಳು ಅಲುಗುತ್ತಿದ್ದರೆ ಕೂಡದೆಯೂ ಹೋಗಬಹುದು. ಎಲ್ಲವೂ ನನ್ನ ಟಿಪ್ಪಣಿ ಪುಸ್ತಕದ ಕೊನೆಯ ಪುಟದಲ್ಲಿತ್ತು, ಎದುರಾಳಿ ಎತ್ತಿದರೆ ಖಂಡಿಸಲೆಂದು. ಎದುರಾಳಿಯ ಅಂಶವನ್ನು ನಾವಾಗಿ ಎತ್ತಿಕೊಡಬಾರದು ಎಂದೇ ನಮಗೆ ಕಲಿಸಿದ್ದರು.

ಬೆಳ್ತಂಗಡಿಯ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ. ಮುಂದಿನ ಶನಿವಾರ ಸುದ್ದಿ ಹೇಳಲು ಹೋದರೆ ಕಾಲು ಚೌಕಟ್ಟಿಗೆ ತಾಗಿ ಕೂತಿತ್ತು. ಪ್ಲಾಸ್ಟರಿನ ಮೇಲೆ ಹುಡಿ, ಹುಡಿಯೊಳಗೆ ನಡುಕ.

“ನಿಮ್ಮ ಮದ್ದು, ಲಾಯರಮ್ಮ. ಪುಕ್ಕಟೆ ಉಂಟು” ಎಂದು ನಕ್ಕರು.

ನಾನೂ ನಕ್ಕೆ. ತುಳುವಿನಲ್ಲಿ ಹೇಳಿದ್ದರೆ ಅವರು ತಮಾಷೆಯೆಂದು ಬಿಡುತ್ತಿದ್ದರೋ ಏನೋ. ನಾನು ಹೇಳಿದ್ದು ಪಾಠಪುಸ್ತಕದ ಕನ್ನಡದಲ್ಲಿ. ಆ ಕನ್ನಡದಲ್ಲಿ ಸುಳ್ಳು ಇರುವುದಿಲ್ಲ ಎಂದು ನಂಬಿದ್ದವರು...

ಮೂರು ತಿಂಗಳ ಮೇಲೆ ತೆಗೆದ ಎಕ್ಸ್‌ರೇಯಲ್ಲಿ ಬಿರುಕು ಹಾಗೆಯೇ ಇತ್ತು. ಆಪರೇಷನ್, ಕೀವು, ಮತ್ತೊಂದು ಆಪರೇಷನ್. ಕೊನೆಗೆ ಮೊಣಕಾಲ ಕೆಳಗೆ ಕಾಲನ್ನೇ ತೆಗೆದರು. ಮಿಲ್ಲು ಗುಜರಿಗೆ ಹೋಯಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅವರೂ ಹೋದರು. ಅವರಂತೆ ಸಕ್ಕರೆ ಕಾಯಿಲೆಯಿದ್ದವರ ಎಲುಬು ಹೇಗಿದ್ದರೂ ಕೂಡುವುದು ಕಷ್ಟ ಎಂದು ಡಾಕ್ಟರೊಬ್ಬರು ನನಗೆ ಹೇಳಿದ್ದುಂಟು. ಆ ಮಾತನ್ನು ಎಷ್ಟೋ ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಅಲ್ಲೂ ನಾನು ಗೆಲ್ಲಲೇ ನೋಡುತ್ತಿದ್ದೆ.

ಫರಂಗಿಪೇಟೆಯಲ್ಲಿ ಅವರ ಹೆಂಡತಿ ನನ್ನ ಗುರುತು ಹಿಡಿದರು. ಸೆರಗಿನಿಂದ ಮುಖದ ಹುಡಿ ಒರೆಸಿಕೊಂಡು, “ಅವರದ್ದು ಹಠ ಮಾರಾಯ್ತಿ, ಯಾರು ಹೇಳಿದ್ರೂ ಕೇಳ್ಲಿಲ್ಲ” ಎಂದರು. ಮತ್ತೆ ಯಂತ್ರದ ಕಡೆ ತಿರುಗಿದರು. ಸ್ವಿಚ್ ಒತ್ತುವ ಮೊದಲು ನಾನು ಕೇಳಿಬಿಟ್ಟೆ:

“ಅಕ್ಕ, ಕಾಲು ಅಲ್ಲಿ ಇಡ್ಲಿಕ್ಕೆ ಹೇಳಿಕೊಟ್ಟದ್ದು ಯಾರು ಅಂತ ಅವರು ನಿಮ್ಮತ್ರ ಹೇಳ್ಲೇ ಇಲ್ವಾ?”