ಅಕ್ಕಿಹೆಬ್ಬಾಳಿಗೆ ಒಯ್ದ ಸುದ್ದಿ

ನಮ್ಮಣ್ಣ ಸೈನ್ಯದಲ್ಲಿ ಸ್ನೈಪರ್, ಮರೆಯಲ್ಲಿ ಹೊಂಚಿ ದೂರದಿಂದ ಗುಂಡು ಹೊಡೆಯುವವನು, ಆಗಿದ್ದ. ಕಿರಂಗೂರಿನಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಊರಿಗೆ ಅವನು ಮಿಲ್ಟ್ರಿಯವನು, ಅಷ್ಟೆ. ತೊಂಬತ್ತರ ದಶಕದಲ್ಲಿ ಅಪ್ಪ ತೀರಿಕೊಂಡಾಗ ಕಾಶ್ಮೀರದಿಂದ ಮಣ್ಣಿಗೆ ಬರಲಾಗದೆ, ತಿಥಿಯ ಹಿಂದಿನ ದಿನ ಬಂದು ಸೇರಿದ. ಅವತ್ತು ಸಂಜೆ ನಾಲೆ ಏರಿಯ ಮೇಲೆ ಕೂತಿದ್ದಾಗ, ಅಲ್ಲಿ ನಿನ್ನ ಕೆಲಸವೇನೆಂದು ಮೊದಲ ಸಲ ಕೇಳಿದೆ.

“ಸುಮ್ನೆ ಬಿದ್ದಿರೋದು ಕಣಮ್ಮಿ. ಹಕ್ಕಿ ಬೆದರಿ ಮೇಲಕ್ಕೆದ್ರೆ ನಾವಿರೋ ಜಾಗ ಎದುರಿನೋನಿಗೆ ಗೊತ್ತಾಗೋಯ್ತದೆ. ಅವು ನಮ್ನ ಕಲ್ಲು ಅಂದ್ಕಬೇಕು, ಅಂಗಿರ್ಬೇಕು.”

“ಎಷ್ಟೊತ್ತು?”

“ಅವನು ತಲೆ ಎತ್ತೋಗಂಟ.”

ಇವೇ ಮಾತುಗಳೆಂದು ಪ್ರಮಾಣ ಮಾಡಲಾರೆ. ಮುಂದೆ ನಡೆದದ್ದು ಹಿಂದಿನ ಮಾತನ್ನು ತಿದ್ದಿಬಿಡುತ್ತದೆ.

ಮರುದಿನ ಕಬ್ಬಿನ ಗದ್ದೆಯ ಬದಿಯಲ್ಲಿ, ಅಪ್ಪನನ್ನು ಮಣ್ಣು ಮಾಡಿದ್ದ ಗುಡ್ಡೆಯ ಮುಂದೆ ಎಡೆ ಇಟ್ಟೆವು. ಅನ್ನ, ವಡೆ, ಅಪ್ಪ ಸೇದುತ್ತಿದ್ದ ಬೀಡಿ. ಕಾಗೆ ಬಂದು ಎಡೆ ಮುಟ್ಟುವವರೆಗೆ ಯಾರೂ ಉಣ್ಣುವಂತಿಲ್ಲ. ಕಾಗೆಗಳು ಹೊಂಗೆ ಮರ ಬಿಟ್ಟು ಇಳಿಯಲೇ ಇಲ್ಲ.

“ಇನ್ನೊಂದ್ ಕಟ್ಟು ಬೀಡಿ ಮಡಗ್ರಲಾ,” ಅಂದರು ದೊಡ್ಡಪ್ಪ. “ಬದುಕಿದ್ದಾಗ ಒಂದ್ ಕಟ್ಟು ಯಾವತ್ತು ಸಾಕಾಗಿತ್ತು ಅವನಿಗೆ?”

ಅವ್ವ ನಗಲಿಲ್ಲ. ಅಣ್ಣನ ಕಡೆ ತಿರುಗಿ, “ಕೆಲ್ಸ ಬುಟ್ಟು ಬತ್ತೀನಿ ಅನ್ಲಾ. ನಿಮ್ಮಪ್ಪ ಅದ್ಕೇ ಕಾಯ್ತಾವ್ರೆ,” ಅಂದಳು.

ಅವನು ಇನ್ನೂ ಎರಡು ವರ್ಷ ಇರುತ್ತೇನೆಂದು ಸಹಿ ಹಾಕಿ ಬಂದಿದ್ದ. ನಮ್ಮನ್ನೆಲ್ಲ ಹಿಂದಕ್ಕೆ ಕಳಿಸಿ, ಎಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಬೋಳಿಸಿದ ತಲೆ, ಮಣ್ಣು ಮೆತ್ತಿದ ಪಂಚೆ. ಮೊದಲು ಕೈ ನಿಂತಿತು, ಆಮೇಲೆ ಕಣ್ಣು. ಸ್ವಲ್ಪ ಹೊತ್ತಿಗೆ ಉಸಿರೂ ಕಾಣಲಿಲ್ಲ. ಗುಡ್ಡೆಯ ಪಕ್ಕ ಇನ್ನೊಂದು ಗುಡ್ಡೆ ಇದ್ದ ಹಾಗಿತ್ತು. ಕೂಗಿ ಎಬ್ಬಿಸಬೇಕೆನಿಸಿತು ನನಗೆ.

ಕಾಗೆ ಇಳಿಯಿತು. ಎಡೆಗಲ್ಲ, ಅವನ ಹೆಗಲಿಗೆ. ಅಲ್ಲಿಂದ ಎಲೆಗೆ ಹಾರಿ ಅನ್ನ ಕುಕ್ಕಿತು. ಮುಟ್ಟಿದ್ದು ಹೆಗಲನ್ನೋ, ಹೆಗಲ ಮೇಲಿನ ಟವೆಲ್ಲನ್ನೋ? ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ. ನನ್ನ ಡೈರಿಯಲ್ಲಿ ‘ಕಾಗೆ ಬಂತು’ ಎಂದಷ್ಟೇ ಇದೆ.

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಕಾಗೆ ಮೈ ಮುಟ್ಟಿದವನನ್ನು ಸಾವು ಹುಡುಕಿಕೊಂಡು ಬರುತ್ತದೆಂಬ ನಂಬಿಕೆ ನಮ್ಮಲ್ಲಿ. ಪರಿಹಾರವೂ ಉಂಟು: ಅವನು ಸತ್ತನೆಂದು ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸಿ ಅಳಿಸಬೇಕು, ಅತ್ತ ಮೇಲೆ ನಿಜ ಹೇಳಬೇಕು. ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಕಾಲು ಮುರಿದುಕೊಂಡು ತಿಥಿಗೆ ಬರಲಾಗದೆ ಅಕ್ಕಿಹೆಬ್ಬಾಳಿನಲ್ಲಿ ಉಳಿದಿದ್ದಳು. ಅವಳ ಬಳಿಗೆ ನನ್ನನ್ನೇ ಹೊರಡಿಸಿದರು. ಎಂ.ಎ. ಓದುತ್ತಿದ್ದ ನಾನು, ಇದನ್ನೆಲ್ಲ ನಂಬುವುದಿಲ್ಲ ಎಂದೆ.

“ನಂಬ್ಬೇಡ. ನನ್ನ ಸಾಯ್ಸ್ಬುಟ್ಟು ಬಾ ಹೋಗಮ್ಮಿ, ಬಸ್ಸು ಹೊಂಟೋಯ್ತದೆ,” ಅಣ್ಣ ನಕ್ಕ.

ಪಾಂಡವಪುರದಲ್ಲಿ ಬಸ್ಸು ಬದಲಿಸಿ ಹೋದೆ. ಹೇಳಿದೆ. ದೊಡ್ಡವ್ವ ಅತ್ತ ರೀತಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ನಂಬದ ನಾನೂ ಅಳುತ್ತಿದ್ದೆ. ಕೊನೆಗೆ ಹೇಳಿದಾಗ ಊರುಗೋಲು ಬೀಸಿದಳು.

“ಮುಂಡೇದೇ, ಎದೆ ಒಡೆದಾಕ್ಬುಟ್ಟೆಯಲ್ಲೇ! ಇರ್ಲಿ ಬುಡು. ಕಳೀತು ಅವನ ಗಂಡಾಂತ್ರ.”

ಅಣ್ಣ ಪಾಂಡವಪುರ ಸ್ಟೇಷನ್ನಿನಲ್ಲಿ ರೈಲು ಹತ್ತಿದ. ಅವ್ವ ಈ ಸಲ ತಡೆಯಲಿಲ್ಲ. ಗಂಡಾಂತರ ಕಳೆದಿತ್ತಲ್ಲ.

ಮುಂದಿನ ಬೇಸಿಗೆಯಲ್ಲಿ ಸೈನ್ಯದಿಂದ ತಂತಿ ಬಂತು. ಅವ್ವ ನೆಲ ಬಿಟ್ಟು ಏಳಲಿಲ್ಲ. ಅಕ್ಕಿಹೆಬ್ಬಾಳಿಗೆ ಮತ್ತೆ ನಾನೇ ಹೋದೆ. ದೊಡ್ಡವ್ವ ಜಗಲಿಯಲ್ಲಿ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದಳು.

ಹೇಳಿದೆ.

ಅವಳು ತಲೆ ಎತ್ತಲಿಲ್ಲ. “ಈಗ ಯಾವ್ ಕಾಗೆ ಮುಟ್ತಮ್ಮಿ?” ಎಂದು ನಗುತ್ತಾ ಮಣೆಯನ್ನು ನನ್ನ ಕಡೆ ತಳ್ಳಿದಳು. “ಕೂತ್ಕೋ. ಅಳ್ತೀನಿ ಇರು, ಇದೊಂಚೂರು ಮುಗೀಲಿ.”