ಓಣಿಯುದ್ದಕ್ಕೂ ಒಂದೇ ಅಧ್ಯಾಯ

ಸ್ಟೀಲ್ ಪಾತ್ರೆ ಕೊಳ್ಳಲು ಬಂದವರಿಗೆ ನಾನು ಯಾವಾಗಲೂ ಹೇಳುವ ಮಾತೊಂದಿದೆ: ಹೊಳಪು ನೋಡಬೇಡಿ, ಬೆರಳಿನಿಂದ ಬಡಿದು ಸದ್ದು ಕೇಳಿ. ತೆಳು ತಗಡು ಕಿರುಚುತ್ತದೆ, ದಪ್ಪ ತಗಡು ಸಮಾಧಾನದಿಂದ ಮಾತಾಡುತ್ತದೆ. ಈ ಕಿವಿ ನನಗೆ ಬಂದದ್ದು ಯಾದಗಿರಿ ಬಜಾರಿನಲ್ಲಲ್ಲ, ಸುರಪುರದ ನಮ್ಮ ಓಣಿಯಲ್ಲಿ.

ಇಳಿಜಾರಿನ ಓಣಿ. ಎರಡೂ ಬದಿಗೆ ನಮ್ಮ ಚರ್ಚಿನ ಸಭೆಯವರದೇ ಮನೆಗಳು. ಬೆಳಗಾಗುವ ಮೊದಲೇ, ಚಹಾ ಇಡುವುದಕ್ಕಿಂತ ಮುಂಚೆ, ಪ್ರತಿ ಮನೆಯಲ್ಲೂ ಬೈಬಲ್ ಓದುತ್ತಿದ್ದರು, ಅದೂ ಗಟ್ಟಿಯಾಗಿ. ಯಾವ ದಿನ ಯಾವ ಅಧ್ಯಾಯ ಎಂದು ಪಾಸ್ಟರು ಭಾನುವಾರವೇ ಹೇಳಿರುತ್ತಿದ್ದರು. ಹಾಗಾಗಿ ಓಣಿಯುದ್ದಕ್ಕೂ ಒಂದೇ ಅಧ್ಯಾಯ. ನಾನು ಪಾತ್ರೆಯ ಬುಟ್ಟಿ ಹೊತ್ತು, ಯಾದಗಿರಿಯ ಮೊದಲ ಬಸ್ಸಿಗೆಂದು ಓಣಿಯ ಮೇಲ್ತುದಿಯ ನಮ್ಮ ಮನೆಯಿಂದ ಇಳಿದು ಹೋಗುತ್ತಿದ್ದೆ. ಕುಳಿತು ಓದಲು ನನಗೆಲ್ಲಿಯ ಪುರಸೊತ್ತು? ನಡೆಯುತ್ತಲೇ ಕೇಳಿಸಿಕೊಳ್ಳುತ್ತಿದ್ದೆ. ನಿವೃತ್ತ ಮಾಸ್ತರರು ಓಡಿಸಿಕೊಂಡು ಓದುತ್ತಿದ್ದರು. ಪಕ್ಕದ ಮನೆಯಾಕೆ ನಡುನಡುವೆ ಮಕ್ಕಳನ್ನು ಬೈದು, ಮತ್ತೆ ವಚನಕ್ಕೆ ಬರುತ್ತಿದ್ದಳು. ಒಂದು ಬಾಗಿಲಲ್ಲಿ ಬಿಟ್ಟ ಮಾತು ಮುಂದಿನ ಬಾಗಿಲಲ್ಲಿ ಸಿಗುತ್ತಿತ್ತು.

ಕೊನೆಯ ಮನೆ ದೊಡ್ಡವ್ವನದು, ನನ್ನ ತಾಯಿಯ ಅಕ್ಕ. ಮದುವೆಯಾಗಿ ಮಕ್ಕಳಾದ ಮೇಲೆ ಚರ್ಚಿನ ಹೆಣ್ಣುಮಕ್ಕಳ ಕೂಟದಲ್ಲಿ ಅಕ್ಷರ ಕಲಿತವಳು. ಸಾಲಿನ ಕೆಳಗೆ ಬೆರಳಿಟ್ಟು, ಒಂದು ಪದದಿಂದ ಇನ್ನೊಂದಕ್ಕೆ ಹಳ್ಳ ದಾಟುವವಳಂತೆ ಕಲ್ಲು ನೋಡಿ ಕಾಲಿಡುತ್ತಿದ್ದಳು. ಉಳಿದ ಮನೆಗಳು ಓದು ಮುಗಿಸಿ ಒಲೆ ಹಚ್ಚುವಾಗ ಅವಳು ಇನ್ನೂ ಅರ್ಧದಲ್ಲಿರುತ್ತಿದ್ದಳು. ನಾನು ಅವಳ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ, ತಲೆಯ ಸಿಂಬಿ ಸರಿಮಾಡುವ ನೆಪದಲ್ಲಿ ಕುಳಿತುಬಿಡುತ್ತಿದ್ದೆ. ಒಳಗಿನಿಂದಲೇ, ತಲೆ ಎತ್ತದೆ, "ಬಸ್ ಹೋಗ್ತದ, ಏಳs" ಎನ್ನುತ್ತಿದ್ದಳು. ಅದೂ ಅಧ್ಯಾಯದ ಒಂದು ಭಾಗವೇನೋ ಎಂಬಂತೆ ಓದು ಮುಂದುವರಿಯುತ್ತಿತ್ತು.

ಒಂದು ಭಾಗ ಬಂದ ದಿನ ಮಾತ್ರ ಬಸ್ಸು ಹೋದರೂ ನಾನು ಏಳುತ್ತಿರಲಿಲ್ಲ. ಕೆಟ್ಟು ಹೋದ ಒಂದು ಊರನ್ನು ದೇವರು ನಾಶ ಮಾಡಲು ಹೊರಟಿರುತ್ತಾನೆ. ಒಬ್ಬ ಮುದುಕ ಅಡ್ಡ ನಿಂತು, ಆ ಊರಲ್ಲಿ ಐವತ್ತು ಮಂದಿ ಒಳ್ಳೆಯವರಿದ್ದರೆ ಉಳಿಸುತ್ತೀಯಾ ಎಂದು ಕೇಳುತ್ತಾನೆ. ಆಗಲಿ ಎನ್ನುತ್ತಾನೆ ದೇವರು. ನಲವತ್ತೈದಿದ್ದರೆ? ನಲವತ್ತಿದ್ದರೆ? ಸಿಟ್ಟಾಗಬೇಡ ಎನ್ನುತ್ತಲೇ ಹತ್ತರವರೆಗೆ ಇಳಿಸುತ್ತಾನೆ. ವ್ಯಾಪಾರಕ್ಕೆ ಇಳಿಯುವವರು ಇದನ್ನು ಒಮ್ಮೆ ಓದಬೇಕು. ಧ್ವನಿ ಏರಿಸಬಾರದು, ಮಾತು ಕುದುರುವವರೆಗೆ ಅಂಗಡಿಯ ಮೆಟ್ಟಿಲು ಇಳಿಯಬಾರದು, ಒಂದೇ ಸಲಕ್ಕೆ ಹೆಚ್ಚು ಕೇಳಬಾರದು. ನನಗೆ ಬೇರೆ ಗುರು ಇರಲಿಲ್ಲ.

ಈಗ ಶಹಾಪುರದಲ್ಲಿ ನನ್ನದೇ ಅಂಗಡಿಯಿದೆ. ಹೋದ ಕ್ರಿಸ್‌ಮಸ್ ಆದ ಮೇಲೆ ದೊಡ್ಡವ್ವನ ಮನೆಯಲ್ಲಿ ಉಳಿದಿದ್ದೆ. ನಸುಕಿನಲ್ಲಿ ಎಚ್ಚರವಾಗಿ ಕಿವಿಗೊಟ್ಟೆ. ಓಣಿ ಸುಮ್ಮನಿತ್ತು. ಜನ ಓದು ಬಿಟ್ಟಿದ್ದಾರೆಂದು ನಾನು ಹೇಳುವುದಿಲ್ಲ. ಓದುತ್ತಾರೆ, ಮೊಬೈಲಿನಲ್ಲಿ, ತಮ್ಮ ತಮ್ಮ ಮನಸ್ಸಿನಲ್ಲಿ. ದೊಡ್ಡವ್ವನ ಮನೆಯಲ್ಲೂ ಸೊಸೆ ಗೋಡೆಯ ಗೂಡಿನಲ್ಲಿ ಮೊಬೈಲ್ ಹಚ್ಚಿಟ್ಟಳು. ಬೈಬಲ್ ಓದುವ ಯಾರೋ ಗಂಡಸಿನ ಚಂದದ ಧ್ವನಿ. ಎಲ್ಲೂ ತಡವರಿಸಲಿಲ್ಲ, ಬಸ್ ಹೋಗ್ತದ ಅನ್ನಲಿಲ್ಲ. ದೊಡ್ಡವ್ವ ಅದರ ಮುಂದೆ ಕೈಮುಗಿದು ಕುಳಿತಿದ್ದಳು. ಅವಳ ಬೈಬಲ್ ವಸ್ತ್ರದಲ್ಲಿ ಸುತ್ತಿದ್ದು ಹಾಗೇ ಇತ್ತು.

ಅದು ಮುಗಿದ ಮೇಲೆ ಕೇಳಿದೆ: "ಯಾಕ ದೊಡ್ಡವ್ವ, ನೀ ಓದಂಗಿಲ್ಲೇನು?"

"ಹಲ್ಲು ಹೋಗ್ಯಾವ. ಬಾಯಿ ತೆಗದ್ರ ಬರೇ ಗಾಳಿ. ಮೊಮ್ಮಕ್ಕಳು ನಗತಾವ. ದೇವರ ಮಾತು ನಗೀ ಆಗಬಾರದು."

"ಹಲ್ಲು ಕಟ್ಟಸೋಣ. ಯಾದಗಿರ್ಯಾಗ ಗುರ್ತಿನ ಡಾಕ್ಟರ್ ಅದಾರ, ರೇಟು ನಾ ಮಾತಾಡ್ತೀನಿ."

"ಸಾಯೂ ಕಾಲಕ್ಕ ಹೊಸಾ ಹಲ್ಲು ಹಾಕ್ಕೊಂಡು ಯಾವ ಕಬ್ಬು ತಿನ್ನಲಿ?"

ನನಗೆ ಆ ಧ್ವನಿ ಬೇಕಿತ್ತು. ಮೊಬೈಲಿನಲ್ಲಿ ಇಲ್ಲದ್ದು, ಬಜಾರಿನಲ್ಲಿ ಸಿಗದ್ದು. ಆದ್ದರಿಂದ ಗೊತ್ತಿದ್ದ ವಿದ್ಯೆಯನ್ನೇ ಹೊರತೆಗೆದೆ.

"ಒಂದ ಅಧ್ಯಾಯ ಓದವಾ."

"ಬ್ಯಾಡ."

"ಅರ್ಧ?"

"ಬ್ಯಾಡಂದ್ನಲ್ಲ."

"ಹತ್ತು ವಚನ. ಹೋಗ್ಲಿ, ಐದು. ಸಿಟ್ಟಾಗಬ್ಯಾಡ, ಒಂದ ವಚನ."

ದೊಡ್ಡವ್ವನ ಬೊಚ್ಚು ಬಾಯಿ ಅರಳಿತು. "ಆ ಮುದುಕ ಹತ್ತಕ್ಕ ನಿಂತಿದ್ದ. ನೀ ಒಂದಕ್ಕ ಇಳದಿ. ಪಕ್ಕಾ ಯಾಪಾರದಾಕಿ!"

"ಹಂಗಾದ್ರ ಯಾಪಾರ ಕುದುರಿತಲ್ಲ?"

"ಎಲ್ಲಿ ಕುದುರಿತು? ಮೊದಲ ನೀ ಓದು. ಇಷ್ಟು ವರ್ಷ ನನ್ನ ಕಟ್ಟಿಮ್ಯಾಗ ಕುಂತು ಪುಕ್ಕಟ ಕೇಳೀದಿ."

ಬೈಬಲ್ಲಿಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಓದತೊಡಗಿದೆ. ಸಂತೆಯಲ್ಲಿ ಕೂಗಿ ಬೆಳೆದ ಗಂಟಲು. ವಚನಗಳು ತಟ್ಟೆ, ಲೋಟ, ಕೊಡ ಎಂಬಂತೆ ಸಾಲಾಗಿ ಓಡಿದವು. ದೊಡ್ಡವ್ವ ನನ್ನ ಮೊಣಕಾಲಿಗೆ ಬಡಿದಳು. "ಇಷ್ಟ್ಯಾಕ ಜಲ್ದಿ? ಹೊರಗ ಬಸ್ಸು ನಿಂತದೇನು?" ನಿಧಾನ ಮಾಡಿದೆ. ಎರಡು ಸಾಲಿಗೆ ಮತ್ತೆ ಓಟ. ಕೊನೆಗೆ ದೊಡ್ಡವ್ವ ತಡೆಯಲಾರದೆ ಪುಸ್ತಕವನ್ನು ತನ್ನ ತೊಡೆಗೆ ಎಳೆದುಕೊಂಡು, ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳಿಟ್ಟಳು.

ಗಾಳಿ ಬಂತು, ಸುಳ್ಳಲ್ಲ. ಅಕ್ಷರಗಳ ಅಂಚು ಸವೆದಿತ್ತು. ಆದರೆ ಕಲ್ಲಿನಿಂದ ಕಲ್ಲಿಗೆ ಕಾಲಿಡುವ ಆ ನಡಿಗೆ ಹಾಗೇ ಇತ್ತು. ನನ್ನ ನೆತ್ತಿಯ ಮೇಲೆ ಬುಟ್ಟಿಯ ಭಾರ ಒಮ್ಮೆ ಬಂದು ಕುಳಿತಂತಾಯಿತು. ಒಂದು ವಚನ ಮುಗಿಸಿ ಪುಸ್ತಕ ಮುಚ್ಚಿದಳು. "ಆತು. ಮಾತು ಮುಗೀತು." ನಾನು ಬಾಗಿಲಿನ ಕಡೆ ನೋಡಿದೆ. ಮೊದಲಾದರೆ ಅದೇ ವಚನ ಎದುರು ಮನೆಯಲ್ಲೋ, ಮೇಲಿನ ಮನೆಯಲ್ಲೋ ಕೇಳಬೇಕಿತ್ತು. ಯಾರ ಮನೆಯಿಂದಲೂ ಬರಲಿಲ್ಲ.

ನಿಮ್ಮ ಮನೆಯಲ್ಲಿ ಗಟ್ಟಿಯಾಗಿ ಓದುವವರು ಒಬ್ಬರಿದ್ದರೂ, ತಡವರಿಸಿ ಓದಿದರೂ ಸರಿ, ಓದಲು ಬಿಡಿ. ನಗಬೇಡಿ. ಆ ಸದ್ದು ಒಮ್ಮೆ ನಿಂತರೆ ಮತ್ತೆ ಹೊರಡಿಸುವುದು ಎಷ್ಟು ಕಷ್ಟವೆಂದು ನನ್ನನ್ನು ಕೇಳಿ.

ಅಂಗಡಿಗೆ ರಜೆಯ ದಿನ ಈಗ ಶಹಾಪುರದಿಂದ ಮೊದಲ ಬಸ್ಸು ಹಿಡಿದು ಸುರಪುರಕ್ಕೆ ಹೋಗುತ್ತೇನೆ. ಶಟರ್ ಎತ್ತುವ ಮೊದಲು ದಿನವೂ ಓದಿ ಓದಿ ನನ್ನ ಓದು ಈಗ ಸುಧಾರಿಸಿದೆ. ಆದರೆ ದೊಡ್ಡವ್ವನ ಮುಂದೆ ಕುಳಿತಾಗ ಎರಡು ವಚನ ನೆಟ್ಟಗೆ ಓದಿ, ಆಮೇಲೆ ಬೇಕೆಂದೇ ಓಡಿಸುತ್ತೇನೆ. "ನಿನ್ನ ಆಟ ನನಗ ಗೊತ್ತಿಲ್ಲೇನು?" ಎಂದು ಗೊಣಗುತ್ತಲೇ ಪುಸ್ತಕ ಎಳೆದುಕೊಳ್ಳುತ್ತಾಳೆ. ಒಂದೇ ವಚನ. ಎರಡನೆಯದನ್ನು ಇನ್ನೂ ಕೊಟ್ಟಿಲ್ಲ. ನಾನೂ ಕಟ್ಟೆ ಇಳಿದಿಲ್ಲ.